ಬೆರಳು ಕನ್ನಡಿಗನದು, ಬೋರ್ಡು ಇಂಗ್ಲಿಷಿನದು!



ಹೋದ ವರ್ಷ ಪೀಣ್ಯದ ಒಂದು ಕಾರ್ಖಾನೆಯವರು ನನ್ನ ಮುದ್ರಣಾಲಯಕ್ಕೆ ಬಂದರು. ಪವರ್ ಪ್ರೆಸ್ಸುಗಳ ಪಕ್ಕದಲ್ಲಿ ಹಾಕಲು ಐವತ್ತು ಎಚ್ಚರಿಕೆ ಬೋರ್ಡು ಬೇಕಂತೆ. ಅಷ್ಟೂ ಇಂಗ್ಲಿಷ್! "ಸ್ವಾಮಿ, ಕೆಳಗೆ ಕನ್ನಡದಲ್ಲೂ ನಾಲ್ಕು ಸಾಲು ಹಾಕೋಣ, ಅದಕ್ಕೆ ದುಡ್ಡು ಬೇಡ" ಅಂದೆ. "ಕನ್ನಡ ಯಾಕ್ರೀ? ಆಡಿಟ್‌ಗೆ ಬರೋರು ಇಂಗ್ಲಿಷೇ ನೋಡೋದು" ಅಂದರು.

ಕೇಳಿದಿರಾ? ಬೋರ್ಡು ಓದಬೇಕಾದವನು ಆಡಿಟರ್. ಕೈ ಕೊಡಬೇಕಾದವನು ಮಾತ್ರ ನಮ್ಮ ಹುಡುಗ!

ಪವರ್ ಪ್ರೆಸ್ ನೋಡದವರಿಗೆ ಹೇಳುತ್ತೇನೆ. ಕೆಳಗೆ ಡೈ, ಮೇಲೆ ಪಂಚ್, ನಡುವೆ ತಗಡು. ತಗಡು ಇಡುವುದೂ ಕೈಯೇ, ತೆಗೆಯುವುದೂ ಕೈಯೇ. ಪೆಡಲ್ ತುಳಿದರೆ ಹತ್ತಾರು ಟನ್ ಒತ್ತಡ ಇಳಿಯುತ್ತದೆ. ಹಳೆಯ ಕೀ ಕ್ಲಚ್ ಮಿಷನ್ ಒಮ್ಮೆ ಹಿಡಿಯಿತೆಂದರೆ ಪೂರ್ತಿ ಸುತ್ತು ಮುಗಿಸಿಯೇ ನಿಲ್ಲುವುದು. ನಡುವೆ ದೇವರು ಬಂದರೂ ನಿಲ್ಲದು! ಕೀ ಸವೆದರೆ, ಸ್ಪ್ರಿಂಗ್ ಸೋತರೆ, ಪೆಡಲ್ ತುಳಿಯದೆಯೇ ಎರಡನೇ ಏಟು ಬೀಳುತ್ತದೆ. ಆ ಹೊತ್ತಿಗೆ ಆಪರೇಟರ್ ಪೀಸ್ ತೆಗೆಯಲು ಕೈ ಹಾಕಿರುತ್ತಾನೆ...

ಇಂಥ ಮಿಷನ್ನಿಗೆ ಬೆಳಕಿನ ಪರದೆಯ ಸೆನ್ಸರ್ ಹಾಕಿ "ಸುರಕ್ಷತೆ ಮಾಡಿದ್ದೇವೆ" ಎನ್ನುವವರಿದ್ದಾರೆ. ನಡುವೆ ನಿಲ್ಲಲಾಗದ ಮಿಷನ್ನಿಗೆ ಸೆನ್ಸರ್ ಏನು ಮಾಡೀತು? ಅದಕ್ಕೆ ಬೇಕಾದದ್ದು ಕೈ ಒಳಗೆ ಹೋಗದಂತೆ ತಡೆಯುವ ಗಟ್ಟಿ ಗಾರ್ಡು. ಇದನ್ನು ಆಪರೇಟರನಿಗೆ ಅವನ ಭಾಷೆಯಲ್ಲಿ ಯಾರು ಹೇಳಿದ್ದಾರೆ?

ಅಪಘಾತವಾದಾಗ ವರದಿ ಮಾತ್ರ ತಕ್ಷಣ ಸಿದ್ಧ: "ಆಪರೇಟರನ ಅಜಾಗರೂಕತೆ." ಎರಡು ಕೈಯಲ್ಲಿ ಒತ್ತಬೇಕಾದ ಬಟನ್ನುಗಳಲ್ಲಿ ಒಂದಕ್ಕೆ ಕಡ್ಡಿ ಸಿಕ್ಕಿಸಿದ್ದನಂತೆ. ಹೌದು, ಸಿಕ್ಕಿಸುತ್ತಾನೆ! ಶಿಫ್ಟಿಗೆ ಇಷ್ಟು ಸಾವಿರ ಪೀಸ್ ಎಂದು ಟಾರ್ಗೆಟ್ ಹಾಕಿದವರು ಯಾರು? ಆ ವರದಿಯೂ ಇಂಗ್ಲಿಷಿನಲ್ಲಿ. ಕೆಳಗೆ ಸಹಿ ಹಾಕು ಎನ್ನುತ್ತಾರೆ. ಹೆಬ್ಬೆರಳು ಹೋದವನು ಹೆಬ್ಬೆಟ್ಟನ್ನು ಎಲ್ಲಿಂದ ತಂದು ಒತ್ತಬೇಕು?

ಪರಿಹಾರದ ಪಟ್ಟಿಯಲ್ಲಿ ಬೆರಳಿಗೆ ಲೆಕ್ಕವಿದೆ. ಹೆಬ್ಬೆರಳು ಹೋದರೆ ದುಡಿಮೆಯ ಶಕ್ತಿ 30 ಪರ್ಸೆಂಟ್ ಹೋಯಿತೆಂದು. ತೋರುಬೆರಳು ಪೂರ್ತಿ ಹೋದರೆ 14. ಕಳೆದುಕೊಂಡವರಲ್ಲಿ ಎಷ್ಟು ಜನರಿಗೆ ಈ ಲೆಕ್ಕ ಗೊತ್ತು?

ನಾನು ಪಿಯುಸಿ ಓದಿದವನು, ಕಾನೂನು ಪಂಡಿತನಲ್ಲ. ಆದರೂ ಇಷ್ಟು ಬಲ್ಲೆ: 1948ರ ಕಾರ್ಖಾನೆ ಕಾಯ್ದೆಯ 108ನೇ ಕಲಮಿನಲ್ಲೇ, ಕಾಯ್ದೆ ಹಾಕಿಸುವ ಸೂಚನೆಗಳು ಇಂಗ್ಲಿಷಿನ ಜೊತೆಗೆ ಹೆಚ್ಚಿನ ಕಾರ್ಮಿಕರಿಗೆ ಅರ್ಥವಾಗುವ ಭಾಷೆಯಲ್ಲೂ ಇರಬೇಕೆಂದಿತ್ತು. 2025ರ ನವೆಂಬರ್ 21ರಿಂದ ಹೊಸ ಸಂಹಿತೆ ಜಾರಿಯಾಗಿದೆ. ಕಾಯ್ದೆ ಬದಲಾಯಿತು, ಗೋಡೆಯ ಬೋರ್ಡು ಬದಲಾಯಿತೇ?

"ಬೋರ್ಡಿನಿಂದ ಪ್ರೆಸ್ ನಿಲ್ಲುತ್ತದೆಯೇ?" ಎಂದು ಕೆಲವರು ನಗುತ್ತಾರೆ. ಇಲ್ಲ, ನಿಲ್ಲುವುದಿಲ್ಲ. ಆದರೆ ತಿಳಿದವನು ಕೇಳುತ್ತಾನೆ! ನಮ್ಮಪ್ಪ ಟ್ರೆಡಲ್ ಮಿಷನ್ನಿನ ಮುಂದೆ ನಿಲ್ಲಿಸಿ, "ಕಾಗದ ಓರೆಯಾದರೆ ಹಾಳಾಗಲಿ, ಕೈ ಹಾಕಬೇಡ ಮಗಾ" ಅಂದಿದ್ದರು. ತಾಯಿನುಡಿಯ ಆ ಒಂದು ಮಾತಿನಿಂದ ನನ್ನ ಹತ್ತೂ ಬೆರಳು ಉಳಿದಿವೆ.

ಕನ್ನಡಿಗರಿಗೆ ಕೆಲಸ ಕೊಡಿ ಎಂದು ಗೇಟಿನ ಹೊರಗೆ ಕೂಗಿದ್ದೇವೆ, ಇನ್ನೂ ಕೂಗುತ್ತೇವೆ. ಗೇಟಿನ ಒಳಗೂ ಕನ್ನಡ ಹೋಗಲಿ! ಪ್ರತಿ ಪ್ರೆಸ್ಸಿನ ಮೇಲೆ ಕನ್ನಡದ ಎಚ್ಚರಿಕೆ, ಕನ್ನಡದಲ್ಲೇ ತರಬೇತಿ, ಓದಿ ತಿಳಿಯದ ಕಾಗದಕ್ಕೆ ಸಹಿ ಇಲ್ಲ. ಪಕ್ಕದ ಮಿಷನ್ನಿನಲ್ಲಿ ಒಡಿಶಾದ ಹುಡುಗನಿದ್ದರೆ ಅವನಿಗೂ ಅವನ ಭಾಷೆಯಲ್ಲಿ ಹೇಳಲಿ. ಅವನ ರಕ್ತವೂ ಕೆಂಪೇ.

ಓದುಗರೇ, ನಿಮ್ಮ ಮನೆಯವರು ಪ್ರೆಸ್ ಶಾಪಿನಲ್ಲಿ ದುಡಿಯುತ್ತಿದ್ದರೆ ಇಂದು ರಾತ್ರಿಯೇ ಕೇಳಿ: ಗಾರ್ಡು ಇದೆಯೇ? ಬೋರ್ಡಿನಲ್ಲಿ ಏನು ಬರೆದಿದೆ? ಉತ್ತರ ಬಾರದಿದ್ದರೆ ನಾಳೆ ಮಾಲೀಕರನ್ನು ಕೇಳಿಸಿ. ಕನ್ನಡದ ಬೋರ್ಡು ಇಲ್ಲವೆಂದರೆ ನನ್ನಲ್ಲಿಗೆ ಬನ್ನಿ. ಬಿಡಿಕಾಸಿಲ್ಲದೆ ಅಚ್ಚು ಹಾಕಿಕೊಡುತ್ತೇನೆ. ಅಂಟಿಸುವ ಧೈರ್ಯ ಮಾತ್ರ ನಿಮ್ಮದು!