ಆಸ್ಪತ್ರೆಯ ಬಿಲ್ಲಿಗೂ ಆಂತರಿಕ ಪರಿಶೋಧನೆ ಅಗತ್ಯ

ಸಣ್ಣ ನರ್ಸಿಂಗ್ ಹೋಮ್‌ಗಳಲ್ಲಿ ವರ್ಷಾಂತ್ಯದ ಲೆಕ್ಕಪರಿಶೋಧನೆ ತಪ್ಪದೆ ನಡೆಯುತ್ತದೆ. ಆದರೆ ರೋಗಿಯ ಕೈಗಿತ್ತ ಬಿಲ್ಲು ಕಾನೂನಿಗೆ ಅನುಗುಣವಾಗಿದೆಯೇ ಎಂದು ಪರಿಶೀಲಿಸುವ ಪರಿಪಾಠ ವಿರಳ. ಜಮಾ-ಖರ್ಚು ತಾಳೆಯಾದ ಮಾತ್ರಕ್ಕೆ ಬಿಲ್ಲು ಸರಿಯಾಗಿದೆಯೆಂದು ಭಾವಿಸಲಾಗದು.

ಸರಕು ಮತ್ತು ಸೇವಾ ತೆರಿಗೆಯನ್ನೇ ನೋಡಬಹುದು. ಚಿಕಿತ್ಸೆಗೆ ವಿನಾಯಿತಿಯಿದ್ದರೂ 2022ರ ಜುಲೈ 18ರಿಂದ ದಿನಕ್ಕೆ 5,000 ರೂಪಾಯಿ ಮೀರಿದ ಕೊಠಡಿ ಬಾಡಿಗೆಗೆ ಶೇ. 5ರ ತೆರಿಗೆಯುಂಟು, ತೀವ್ರ ನಿಗಾ ಘಟಕಕ್ಕೆ ಇದು ಅನ್ವಯಿಸದು. ವೈದ್ಯರ ಸಲಹೆಯಂತೆ ಒಳರೋಗಿಗೆ ನೀಡುವ ಆಹಾರವು ಚಿಕಿತ್ಸೆಯ ಅಂಗವಾದರೆ, ಜತೆಗಿರುವವರಿಗೆ ನೀಡುವ ಊಟ ತೆರಿಗೆಗೆ ಒಳಪಡುತ್ತದೆ. 2025ರ ಸೆಪ್ಟೆಂಬರ್ 22ರಿಂದ ಬಹುಪಾಲು ಔಷಧಗಳ ತೆರಿಗೆ ಶೇ. 12ರಿಂದ 5ಕ್ಕೆ ಇಳಿಯಿತು. ಕಂಪ್ಯೂಟರಿನಲ್ಲಿ ಹಳೆಯ ದರವೇ ಉಳಿದರೆ ಪ್ರತಿ ಬಿಲ್ಲಿನಲ್ಲಿಯೂ ತಪ್ಪು ಮರುಕಳಿಸುತ್ತದೆ. ತೆರಿಗೆಯೆಂದು ವಸೂಲು ಮಾಡಿದ ಹಣವನ್ನು ಸಂಸ್ಥೆ ಇಟ್ಟುಕೊಳ್ಳುವಂತಿಲ್ಲ. ಕೇಂದ್ರ ಜಿಎಸ್‌ಟಿ ಕಾಯಿದೆಯ 76ನೆಯ ಕಲಮಿನಂತೆ ಅದನ್ನು ಸರ್ಕಾರಕ್ಕೆ ಪಾವತಿಸಲೇಬೇಕು.

ನಗದು ಸ್ವೀಕೃತಿಯ ವಿಷಯದಲ್ಲಿ ಅಪಾಯ ಇನ್ನೂ ದೊಡ್ಡದು. 2017ರ ಏಪ್ರಿಲ್‌ನಿಂದ ಜಾರಿಗೆ ಬಂದ ಆದಾಯ ತೆರಿಗೆ ನಿಯಮದಂತೆ, ಒಂದೇ ಸಂದರ್ಭಕ್ಕೆ ಸಂಬಂಧಿಸಿ ಒಬ್ಬರಿಂದ 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವಂತಿಲ್ಲ. ಹಲವು ದಿನಗಳಲ್ಲಿ ಕಂತುಕಂತಾಗಿ ಪಡೆದರೂ ಅದು ಒಂದೇ ಚಿಕಿತ್ಸೆಯ ಹಣ. ಸ್ವೀಕರಿಸಿದ ಮೊತ್ತದಷ್ಟೇ ದಂಡ ಬೀಳಬಹುದು.

ಸಣ್ಣ ಸಂಸ್ಥೆಗಳಿಗೆ ಇದೆಲ್ಲ ಹೊರೆಯಾಗುತ್ತದೆಂಬ ಆಕ್ಷೇಪ ಸಹಜ. ಆದರೆ ಇದಕ್ಕೆ ಪ್ರತ್ಯೇಕ ವಿಭಾಗವೇನೂ ಬೇಕಿಲ್ಲ. ಪ್ರತಿ ತಿಂಗಳು ಮೂವತ್ತು ಬಿಲ್ಲುಗಳನ್ನು ಯಾದೃಚ್ಛಿಕವಾಗಿ ಆರಿಸಿ, ಬಿಲ್ಲು ಬರೆಯದ ಒಬ್ಬರು ಅವುಗಳನ್ನು ಕೇಸ್ ಶೀಟು, ಔಷಧ ವಿತರಣೆಯ ದಾಖಲೆ ಹಾಗೂ ಪ್ರಕಟಿತ ದರಪಟ್ಟಿಯೊಡನೆ ತಾಳೆ ನೋಡಿದರೆ ಸಾಕು. ಮಾಡದ ಪರೀಕ್ಷೆಗೆ ಶುಲ್ಕ, ಹಿಂದಿರುಗಿಸಿದ ಔಷಧಕ್ಕೆ ಜಮೆ ಇಲ್ಲದಿರುವುದು, ಒಂದೇ ಬಾಬ್ತು ಎರಡು ಬಾರಿ ಸೇರುವುದು ಮುಂತಾದ ದೋಷಗಳು ಆಗಲೇ ಹೊರಬೀಳುತ್ತವೆ.

ಈ ವಿಷಯ ಆಸ್ಪತ್ರೆಯ ಮಾಲೀಕರಿಗೆ ಮಾತ್ರ ಸೀಮಿತವಲ್ಲ. ಕಾರ್ಮಿಕರಿಗಾಗಿ ಗುಂಪು ಆರೋಗ್ಯ ವಿಮೆಯ ಕಂತು ಕಟ್ಟುವ ಉದ್ಯಮಿಗಳೂ ಇದರಲ್ಲಿ ಬಾಧ್ಯಸ್ಥರು. ಕ್ಲೇಮುಗಳ ಮೊತ್ತ ಉಬ್ಬಿದಷ್ಟೂ ಮರುವರ್ಷದ ಕಂತು ಏರುವ ಸಂಭವ ಹೆಚ್ಚು.

ಕೊನೆಯದಾಗಿ, ಪರಿಶೋಧನೆಯ ಸಾರ್ಥಕತೆ ತಪ್ಪನ್ನು ಕಂಡುಹಿಡಿಯುವುದರಲ್ಲಿಲ್ಲ, ಸರಿಪಡಿಸುವುದರಲ್ಲಿದೆ. ಹೆಚ್ಚಾಗಿ ಪಡೆದ ಹಣವನ್ನು ರೋಗಿಗೆ ಮರಳಿಸಿ, ಅದನ್ನು ದಾಖಲಿಸಬೇಕು. ತಿಳಿಯದೆ ಆದ ತಪ್ಪಿಗೆ ವಿವರಣೆ ಕೊಡಬಹುದು. ತಪ್ಪು ತಿಳಿದ ಮೇಲೂ ವರದಿಯನ್ನು ಕಪಾಟಿನಲ್ಲಿಟ್ಟು ಸುಮ್ಮನಿದ್ದ ಸಂಸ್ಥೆಯ ವಿರುದ್ಧ ಆ ವರದಿಯೇ ಸಾಕ್ಷಿ ನುಡಿಯುತ್ತದೆ.