ಕಾಗದದ ಮೇಲಿನ ಕಾರ್ಖಾನೆ

ಇನ್ನು ಸಕ್ಕರೆ ಸಿಗುವುದಿಲ್ಲವಂತೆ ಎಂಬ ಮಾತು ಬೀದಿಯಲ್ಲಿ ಹಬ್ಬಿದರೆ ಸಾಕು, ಎರಡು ಕಿಲೋ ಕೊಳ್ಳುತ್ತಿದ್ದ ಗೃಹಿಣಿ ನಾಲ್ಕು ಕಿಲೋ ಕಟ್ಟಿಸುತ್ತಾಳೆ. ಅಂಗಡಿಯವನು ಸಗಟು ವ್ಯಾಪಾರಿಗೆ ಎರಡರಷ್ಟು ಮಾಲಿಗಾಗಿ ಹೇಳಿಕಳುಹಿಸುತ್ತಾನೆ. ಆ ಮಾಲು ಬಂದು ಸೇರುವ ವೇಳೆಗೆ ಮನೆಮನೆಯ ಡಬ್ಬಿಗಳೂ ತುಂಬಿರುತ್ತವೆ. ಮೂಟೆಗಳು ಅಂಗಡಿಯಲ್ಲಿಯೇ ಉಳಿಯುತ್ತವೆ. ಊರಿನಲ್ಲಿ ತಿನ್ನುವ ಬಾಯಿಗಳು ಹೆಚ್ಚಿಲ್ಲ, ಕಡಿಮೆಯಾಗಿಲ್ಲ. ಆದರೂ ವ್ಯಾಪಾರ ಮಾತ್ರ ಉಯ್ಯಾಲೆಯಾಡುತ್ತದೆ.

ಇದೇ ಉಯ್ಯಾಲೆ ಕಾರ್ಖಾನೆಯಲ್ಲಿ ತೂಗತೊಡಗಿದರೆ ಕೆಲಸಗಾರರ ಮನೆಯ ಒಲೆಗೇ ಸಂಚಕಾರ. ಅಮೆರಿಕದ ಕೆಂಟಕಿ ಸಂಸ್ಥಾನದಲ್ಲಿದ್ದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಗೃಹೋಪಯೋಗಿ ಯಂತ್ರಗಳ ಕಾರ್ಖಾನೆಗಳಲ್ಲಿ 1950ರ ದಶಕದಲ್ಲಿ ಹೀಗೆಯೇ ನಡೆಯುತ್ತಿತ್ತು. ಒಮ್ಮೆ ಮೂರು ನಾಲ್ಕು ಪಾಳಿಗಳ ಬಿಡುವಿಲ್ಲದ ದುಡಿತ. ಕೆಲವು ವರ್ಷಗಳು ಕಳೆಯುವಷ್ಟರಲ್ಲಿ ಅರ್ಧದಷ್ಟು ಜನ ಕೆಲಸ ಕಳೆದುಕೊಂಡು ಮನೆಯಲ್ಲಿ. ದೇಶದ ವ್ಯಾಪಾರದ ಏರಿಳಿತವೇ ಇದಕ್ಕೆ ಕಾರಣವೆಂದು ಹೇಳಿಬಿಡುವುದು ಸುಲಭವಾಗಿತ್ತು. ಆದರೆ ಆ ಸಮಾಧಾನ ಕಂಪನಿಯವರಿಗೇ ರುಚಿಸಲಿಲ್ಲ.

ಈ ಸಂಗತಿ ಜೇ ಫಾರೆಸ್ಟರ್ ಎಂಬ ವಿದ್ವಾಂಸರ ಕಿವಿಗೆ ಬಿದ್ದಿತು. 1918ರಲ್ಲಿ ಜನಿಸಿ, ನೆಬ್ರಾಸ್ಕಾದ ದನಗಾವಲಿನ ನಡುವೆ ಬೆಳೆದ ಫಾರೆಸ್ಟರರು ಎಂಜಿನಿಯರರಾಗಿ 'ವರ್ಲ್‌ವಿಂಡ್' ಎಂಬ ಗಣಕಯಂತ್ರದ ನಿರ್ಮಾಣಕ್ಕೆ ಮುಂದಾಳಾಗಿದ್ದವರು. 1956ರಲ್ಲಿ ಅವರು ಮ್ಯಾಸಚೂಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯ ವ್ಯವಹಾರಶಾಸ್ತ್ರದ ಶಾಲೆಯನ್ನು ಸೇರಿದರು. ಕಾರ್ಖಾನೆಯವರನ್ನು ಅವರು ಕೇಳಿದ ಪ್ರಶ್ನೆ ಸರಳವಾದದ್ದು: ದಾಸ್ತಾನು ಇಷ್ಟಿದ್ದು ಬೇಡಿಕೆ ಇಷ್ಟಿದ್ದಾಗ ಎಷ್ಟು ಜನರನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತೀರಿ?

ಉತ್ತರ ದೊರೆತ ಮೇಲೆ ಫಾರೆಸ್ಟರರು ಟಿಪ್ಪಣಿ ಪುಸ್ತಕದ ಒಂದು ಹಾಳೆಯನ್ನು ತೆರೆದು, ದಾಸ್ತಾನು, ಕೆಲಸಗಾರರು, ಬೇಡಿಕೆ ಎಂದು ಅಂಕಣಗಳನ್ನು ಎಳೆದರು. ಈ ವಾರದ ಲೆಕ್ಕದಿಂದ ಮುಂದಿನ ವಾರದ ಲೆಕ್ಕ, ಅದರಿಂದ ಅದರ ಮುಂದಿನದು. ಹೀಗೆ ಪೆನ್ಸಿಲಿನಿಂದಲೇ ಕಾಗದದ ಮೇಲೆ ಕಾರ್ಖಾನೆ ನಡೆಯಿತು. ಹೊರಗಿನ ಬೇಡಿಕೆ ಒಂದೇ ಸಮನಾಗಿದ್ದರೂ ಕೆಲಸಗಾರರ ಸಂಖ್ಯೆ ಏರಿ ಇಳಿಯಬಹುದೆಂಬುದು ಆ ಹಾಳೆಯಲ್ಲಿ ಕಂಡಿತು. ಕೈಗೊಂಡ ನಿರ್ಧಾರ ಫಲ ಕೊಡುವುದಕ್ಕೆ ವಾರಗಳು ಬೇಕು. ಆ ತಾಳ್ಮೆಯಿಲ್ಲದೆ ಇನ್ನಷ್ಟು ಜನರನ್ನು ಸೇರಿಸಿದರೆ ಮುಂದೆ ಮಾಲು ಹೆಚ್ಚಾಗುತ್ತದೆ, ಆಗ ಜನರನ್ನು ತೆಗೆಯಬೇಕಾಗುತ್ತದೆ. ದೋಷ ಹೊರಗಿನ ಪೇಟೆಯದಲ್ಲ, ಒಳಗಿನ ನಿಯಮಗಳದೇ!

ಪೆನ್ಸಿಲಿನ ಕೆಲಸವನ್ನು ಗಣಕಯಂತ್ರಕ್ಕೆ ಒಪ್ಪಿಸಲು ಹೆಚ್ಚು ಕಾಲ ಹಿಡಿಯಲಿಲ್ಲ. ಸಮೀಕರಣಗಳನ್ನು ಯಂತ್ರದ ಭಾಷೆಗೆ ತಾನಾಗಿ ತಿರುಗಿಸುವ ಕಾರ್ಯಕ್ರಮವನ್ನು ರಿಚರ್ಡ್ ಬೆನೆಟ್ ಸಿದ್ಧಪಡಿಸಿದರು. 'ಡೈನಮೋ' ಎಂಬುದು ಅದರ ಬೆನ್ನಿಗೇ ಬಂದಿತು. 1961ರಲ್ಲಿ ಫಾರೆಸ್ಟರರ 'ಇಂಡಸ್ಟ್ರಿಯಲ್ ಡೈನಮಿಕ್ಸ್' ಗ್ರಂಥ ಪ್ರಕಟವಾಯಿತು. 2016ರಲ್ಲಿ ಅವರು ತೀರಿಕೊಳ್ಳುವ ವೇಳೆಗೆ ಈ ವಿದ್ಯೆ ಮೇಜಿನ ಮೇಲಿನ ಗಣಕಗಳನ್ನು ಸೇರಿತ್ತು. ಇಂದು ವ್ಯವಸ್ಥಾಪಕನು ದಾಸ್ತಾನನ್ನು ತೊಟ್ಟಿಯಂತೆಯೂ ಬರುವ ಹೋಗುವ ಮಾಲನ್ನು ಕೊಳವೆಗಳಂತೆಯೂ ಪರದೆಯ ಮೇಲೆ ಚಿತ್ರಿಸಿ, ಹತ್ತು ವರ್ಷಗಳ ವ್ಯವಹಾರವನ್ನು ಕ್ಷಣಮಾತ್ರದಲ್ಲಿ ನಡೆಸಿ ನೋಡಬಲ್ಲನು.

ಆದರೆ ಯಂತ್ರ ಜೋಯಿಸನಲ್ಲ. ನಾಳೆ ಏನಾಗುವುದೆಂದು ಅದು ಹೇಳದು. ಇಂದಿನ ನಿಯಮವನ್ನೇ ಹಿಡಿದು ನಡೆದರೆ ಎಲ್ಲಿಗೆ ತಲುಪಬಹುದೆಂಬುದನ್ನು ಮಾತ್ರ ತೋರಿಸುತ್ತದೆ. ಕೊಟ್ಟ ಊಹೆ ತಪ್ಪಾದರೆ ಬಂದ ಉತ್ತರವೂ ತಪ್ಪೇ. ಅಷ್ಟೇ ಅಲ್ಲ, ಯಾವ ಅಂಕಣವನ್ನು ಹಾಳೆಯಲ್ಲಿ ಎಳೆಯಲಿಲ್ಲವೋ ಅದರ ಕಷ್ಟ ಲೆಕ್ಕಕ್ಕೆ ಬರುವುದಿಲ್ಲ. ಫಾರೆಸ್ಟರರ ಹಾಳೆಯಲ್ಲಿ ಸರಕಿನ ಪಕ್ಕದಲ್ಲಿಯೇ ಕೆಲಸಗಾರರ ಅಂಕಣವೂ ಇತ್ತು. ಅವರ ಕೆಲಸ ಹೋಗುವುದು ಕಾಲದೋಷದಿಂದಲ್ಲ, ಯಜಮಾನನ ಆತುರದಿಂದಲೂ ಇರಬಹುದೆಂಬುದು ತಿಳಿದುಬಂದದ್ದು ಆ ಅಂಕಣವಿದ್ದುದರಿಂದಲೇ.