ತಿಳಿನೀರು, ಶುದ್ಧನೀರು

ತಿಳಿಯಾದ ನೀರೆಲ್ಲವೂ ಶುದ್ಧವೆಂದು ಗೃಹಸ್ಥರಲ್ಲಿ ಅನೇಕರು ನಂಬಿರುವರು. ಕೋಲಾರದ ಸೀಮೆಯಲ್ಲಿ ಹಲವು ಕೊಳವೆಬಾವಿಗಳ ನೀರು ಸ್ಫಟಿಕದಂತಿದ್ದರೂ, ಅದರಲ್ಲಿ ಫ್ಲೋರೈಡೆಂಬ ಲವಣಾಂಶವು ಮಿತಿಮೀರಿರುವುದು. ೨೦೧೨ರ ಭಾರತೀಯ ಮಾನಕದಂತೆ ಲೀಟರಿಗೆ ೧ ಮಿಲಿಗ್ರಾಂ ಗ್ರಾಹ್ಯ. ಬೇರೆ ನೀರು ದೊರೆಯದಲ್ಲಿ ೧.೫ರವರೆಗೆ ಸಹ್ಯ. ಮಿತಿಮೀರಿದ ನೀರನ್ನು ಎಳವೆಯಿಂದ ಕುಡಿದ ಮಕ್ಕಳ ಹಲ್ಲುಗಳು ಕಲೆಗಟ್ಟುವುವು. ಪ್ರಮಾಣವು ಬಹಳ ಹೆಚ್ಚಾದರೆ ವರ್ಷಗಳ ಮೇಲೆ ಕೀಲುಗಳೂ ಬಿಗಿಯುವುವು. ಕಾಯಿಸಿದರೆ ಕ್ರಿಮಿಗಳು ಸಾಯುವುವೇ ಹೊರತು ಫ್ಲೋರೈಡು ಹೋಗದು; ನೀರು ಆವಿಯಾದಷ್ಟೂ ಅದು ಸಾಂದ್ರವಾಗುವುದು.

ಕಣ್ಣಿಗೂ ನಾಲಗೆಗೂ ನಿಲುಕದ ಈ ದೋಷವನ್ನು ಕಂಡುಹಿಡಿಯುವವರು ಪರಿಸರ ಎಂಜಿನಿಯರಿಂಗ್ ಶಾಖೆಯ ತಂತ್ರಜ್ಞರು. ಇವರು ಊರೂರು ತಿರುಗಿ, ನೀರನ್ನು ಕೆಲಹೊತ್ತು ಹರಿಯಬಿಟ್ಟು ಸೀಸೆಯಲ್ಲಿ ಹಿಡಿದು, ಸ್ಥಳ, ದಿನ, ವೇಳೆಗಳನ್ನು ಬರೆದಿಡುವರು. ಕ್ರಿಮಿಪರೀಕ್ಷೆಗಾದರೆ ಹಬೆಯಲ್ಲಿ ಶುದ್ಧಿಗೊಳಿಸಿದ ಸೀಸೆಯೇ ಆಗಬೇಕು. ಮಂಜುಗಡ್ಡೆಯ ಪೆಟ್ಟಿಗೆಯಲ್ಲಿರಿಸಿ ೨೪ ಗಂಟೆಯೊಳಗೆ ಪರೀಕ್ಷಿಸಬೇಕು. ಬೇಸರದಿಂದ ಒಂದು ಅಂಕಿಯನ್ನು ಊಹಿಸಿ ಬರೆದರೆ ಊರಿಗೆ ಊರೇ ಆ ಅನೃತವನ್ನು ಕುಡಿಯಬೇಕಾದೀತು. ಆದುದರಿಂದ ಈ ವೃತ್ತಿಗೆ ರಸಾಯನವಿದ್ಯೆಯಷ್ಟೇ ಸತ್ಯನಿಷ್ಠೆಯೂ ಅವಶ್ಯವೆಂದು ನಾವು ತಿಳಿಯುವೆವು.

ವಾಚಕರಲ್ಲಿ ನಮ್ಮ ಬಿನ್ನಹವಿಷ್ಟೆ: ಮನೆಯ ಬಾವಿಯ ನೀರನ್ನು ಒಮ್ಮೆ ಪರೀಕ್ಷೆಗೆ ಕಳುಹಿರಿ. ಮನೆಯ ಹುಡುಗನೋ ಹುಡುಗಿಯೋ ಈ ಕೆಲಸಕ್ಕೆ ಹೊರಟರೆ, ಸೀಸೆ ಹೊರುವ ಉದ್ಯೋಗವೆಂದು ಹೀಗಳೆಯದೆ ಹರಸಿ ಕಳುಹಿರಿ.